ಹೆಸರೋ, ದಾರಿ ಕಾಯುತ್ತಿರುವವಳೋ

ಬೇಸಿಗೆ ಬಂತೆಂದರೆ ನಮ್ಮ ಪಾದ್ರಿಗಳ ಮೂಗು ಕೆಂಪಗಾಗಿ ಸಿಪ್ಪೆ ಸುಲಿಯುತ್ತಿತ್ತು. ದುರ್ಗದ ಬಂಡೆಗಳ ಕಾವು ನಮ್ಮನ್ನೇ ಬಿಡುವುದಿಲ್ಲ, ಆ ಬಿಳಿ ಚರ್ಮವನ್ನು ಬಿಟ್ಟೀತೆ? ಮೂಗಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ನನ್ನೆದುರು ಕನ್ನಡ ಕಲಿಯಲು ಕೂರುತ್ತಿದ್ದರು. ನಾನು ಅವರ ಮುನ್ಷಿ.

ಕಲಿತದ್ದೇನೋ ಕಲಿತರು, ಆದರೆ ನಾಮಪದಕ್ಕೂ ಕ್ರಿಯಾಪದಕ್ಕೂ ಗಂಟು ಹಾಕುವ ಚಾಳಿ ಹೋಗಲಿಲ್ಲ. ಒಮ್ಮೆ ಸಂತೆಯಲ್ಲಿ ನಿಂತು, ದೇವರು ನಮ್ಮನ್ನು ಆಳುತ್ತಾನೆ ಎನ್ನುವುದಕ್ಕೆ “ದೇವರು ನಮ್ಮ ಆಳು” ಎಂದುಬಿಟ್ಟರು. ಎದುರಿಗಿದ್ದ ರೈತನೊಬ್ಬ, “ಹಂಗಾರೆ ನಾಳೆ ನಮ್ಮ ಹೊಲಕ್ಕೆ ಕಳಿಸ್ರಿ ಸ್ವಾಮಿ, ಕಳೆ ಭಾಳ ಐತೆ,” ಎಂದ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು.

ಅವರ ಮನೆಯಲ್ಲಿ ಒಂದು ಹಳೆಯ ತೊಗಲಿನ ಹಾಳೆ ಇತ್ತು. ಅಮ್ಮಾವ್ರ ತವರಿನಿಂದ ಬಂದದ್ದು, ಪುರಾತನ ಗ್ರೀಕು ಭಾಷೆಯದು. ಅಕ್ಷರ ಮಾಸಿ, ಪದಗಳು ಒಂದಕ್ಕೊಂದು ಅಂಟಿಕೊಂಡು, ಅದುವರೆಗೆ ಯಾರಿಂದಲೂ ಪೂರ್ತಿ ಓದಲಾಗಿರಲಿಲ್ಲ. ಅದರ ಒಂದು ಪದದ ಮೇಲೆ ಗಂಡಹೆಂಡಿರಿಗೆ ದಿನವೂ ಜಗಳ. ಅದೊಂದು ಹೆಣ್ಣಿನ ಹೆಸರು ಎಂದು ಗಂಡ. ಅಲ್ಲ, ಕ್ರಿಯಾಪದದಿಂದ ಹುಟ್ಟಿದ ಕೃದಂತ, ‘ಕಾಯುತ್ತಿರುವವಳು’ ಎಂದು ಹೆಂಡತಿ. ಕಾಯಿಪಲ್ಯ ಮಾರುವವಳಿಂದ ಕನ್ನಡ ಕಲಿತಿದ್ದ ಅಮ್ಮಾವ್ರು, “ಹೆಸರೂ ಇಲ್ಲ ಗಿಸರೂ ಇಲ್ಲ ಕಣ್ರಿ ಮುನ್ಷೇರೆ, ಆವಮ್ಮ ಕಾಯ್ತಾ ಅವ್ಳೆ,” ಎಂದು ನನ್ನನ್ನು ಪಂಚಾಯ್ತಿಗೆ ಎಳೆಯುತ್ತಿದ್ದರು. ಗ್ರೀಕಿನ ಗಂಧವೇ ಇಲ್ಲದ ನಾನು ಏನು ತೀರ್ಪು ಕೊಡಲಿ!

ಪ್ಲೇಗು ಬಂದು ಊರಿಗೆ ಊರೇ ಬಯಲಿನ ಗುಡಿಸಲುಗಳಿಗೆ ಬಂದಾಗ ಪಾದ್ರಿಗಳು ಹೊಳಲ್ಕೆರೆ ಕಡೆ ರಾಮಗಿರಿಗೆ ಹೋಗಿದ್ದರು. ಇಲ್ಲಿ ಅಮ್ಮಾವ್ರಿಗೆ ಗಡ್ಡೆ ಎದ್ದಿತು. ಸುದ್ದಿ ಮುಟ್ಟಿ ಪಾದ್ರಿಗಳು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. “ನನ್ನನ್ನು ಕೇಳಿದಳೇ?” ಎಂದರು. ಜ್ವರದಲ್ಲಿ ಅಮ್ಮಾವ್ರ ಮಾತೇ ನಿಂತುಹೋಗಿತ್ತು. ಅಯ್ಯೋ, ಆಗಿನ ಅವರ ಮುಖವನ್ನು ನಾನು ನೋಡಬಾರದಿತ್ತು.

ಅಲ್ಲಿಂದಾಚೆ ಅವರಿಗೆ ಆ ಹಾಳೆಯೇ ಎಲ್ಲ. ತನ್ನ ದಾರಿ ಕಾದಳೇ ಎಂದು ಹೆಂಡತಿಯನ್ನು ಕೇಳಲಾಗದೆ, ಆ ಪದವನ್ನು ಕೇಳುತ್ತಿದ್ದರು. ನನಗೂ ಬಿಡಿಸಿ ಹೇಳಿದರು: “ಹೆಸರು ಸುಮ್ನೆ ನಿಂತಿರತೈತೆ. ಕೃದಂತಕ್ಕೆ ಕ್ರಿಯೆಯ ಜೀವ ಐತೆ ಮುನ್ಷಿಗಳೇ. ‘ಯಾರನ್ನು’ ಅಂತ ಕೇಳಿದ್ರೆ ಉತ್ತರ ಕೊಡತೈತೆ.” ಆ ಪದದ ಪಕ್ಕದ ಎರಡು ಅಕ್ಷರ ಅಳಿಸಿಹೋಗಿದ್ದವು. ಉತ್ತರ ಇದ್ದರೆ ಅಲ್ಲೇ ಇರಬೇಕಿತ್ತು.

ಒಂದು ಮಧ್ಯಾಹ್ನ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರು. ಮಸಿ ಹೋದರೂ ಲೇಖನಿ ಒತ್ತಿದ ಗುರುತು ಉಳಿದಿತ್ತು. ಗ್ರೀಕಿನ ಆ ಎರಡಕ್ಷರಕ್ಕೆ ‘ನನ್ನನ್ನು’ ಎಂದರ್ಥ. ನನ್ನ ದಾರಿ ಕಾಯುತ್ತಿರುವವಳು.

“ನಾನೇ ಸೋತೆ. ಅವಳು ಹೇಳಿದ್ದೇ ಖರೆ,” ಎಂದರು. “ಸೋತೆ ಅಂತ ಈಗ ಯಾರಿಗೆ ಹೇಳ್ಲಿ ಮುನ್ಷಿಗಳೇ?” ಅಷ್ಟು ದೊಡ್ಡ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ.

ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ. ಹಿರಿಯೂರಿಗೆ ಹೋಗಿ ಬಂದವರು ಚಳಿಜ್ವರದಲ್ಲಿ ತೀರಿಕೊಂಡರು. ಅಮ್ಮಾವ್ರ ಪಕ್ಕದಲ್ಲೇ ಮಣ್ಣು ಮಾಡಿದೆವು. ಗೋರಿಯ ಕಲ್ಲಿಗೆ ಕನ್ನಡದ ಸಾಲೊಂದನ್ನು ನಾನು ಬರೆದುಕೊಡಬೇಕಾಯಿತು. ‘ದಾರಿ ಕಾಯುತ್ತಿದ್ದವಳ ಬಳಿಗೆ ಬಂದವನು’ ಎಂದು ಬರೆದೆ.

ಹೊಸದಾಗಿ ಬಂದಿದ್ದ ಪಾದ್ರಿ ಓದಿ, “ಇದರಲ್ಲಿ ಒಂದು ಹೆಸರೂ ಇಲ್ಲವಲ್ಲ?” ಎಂದರು.

“ಬ್ಯಾಡ ಬಿಡ್ರಿ ಸ್ವಾಮಿ,” ಎಂದೆ. “ಕಾದೋರು ಯಾರು, ಬಂದೋರು ಯಾರು ಅಂತ ಅವರಿಬ್ರಿಗೂ ಗೊತ್ತೈತೆ.”