ಕಾಕುವಿನ ನಾಯಿ, ನನ್ನ ಸಂಜೆ

ಖಾನಾಪುರದ ಬಾಡಿಗೆ ಮನೆಯಲ್ಲಿ ಮೊದಲ ಬೆಳಗು ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಕೆಂಚು ನಾಯಿಯೊಂದು ನನ್ನ ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಮಲಗಿತ್ತು. ಕೊರಳಲ್ಲಿ ಪಟ್ಟಿ ಇತ್ತು, ಅಂದರೆ ಯಾರದೋ ಸಾಕಿದ ನಾಯಿ. ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿತು, ಮತ್ತೆ ಮುಚ್ಚಿಕೊಂಡಿತು. ಏಳಲಿಲ್ಲ. ಈ ಮನೆ ಯಾರದು ಎಂಬ ವಿಷಯದಲ್ಲಿ ನನಗಿಂತ ಅದಕ್ಕೇ ಹೆಚ್ಚು ಖಾತ್ರಿ ಇದ್ದಂತಿತ್ತು. ನಾನು ಮೆಲ್ಲಗೆ ಬಾಗಿಲು ಹಾಕಿಕೊಂಡು, ಒಳಗೇ ನಿಂತು, ಶಾಲೆಗೆ ಹೋಗುವುದು ಹೇಗೆಂದು ಯೋಚಿಸಿದೆ. ಹೊಸದಾಗಿ ಸೇರಿದ ಟೀಚರು ಮೊದಲ ದಿನವೇ ತಡವಾಗಿ ಬಂದಳು ಎಂಬ ಮಾತು ಹಾಗೆ ಹುಟ್ಟಿತು.

ನನಗೆ ನಾಯಿಯ ಭಯ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಎಂಥೆಂಥವರ ಬಾಯಿ ಮುಚ್ಚಿಸಿದವಳು ನಾನು. ಆದರೆ ನಾಯಿಗೆ ತರ್ಕ ನಾಟುವುದಿಲ್ಲ.

ಶಹಾಪುರದಿಂದ ಖಾನಾಪುರಕ್ಕೆ ಹೋದದ್ದನ್ನೂ ವಲಸೆ ಅಂತೀಯಾ ಎಂದು ನಮ್ಮ ಓಣಿಯ ಗೆಳತಿಯರು ನಗುತ್ತಾರೆ. ನಮ್ಮ ಶಹಾಪುರ ಬೆಳಗಾವಿಯದೇ ಒಂದು ಭಾಗ. ಬೆಳಗಾವಿಯಲ್ಲಿ ರೈಲು ಹತ್ತಿ, ಪೊಟ್ಟಣದ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಬರುವ ಊರು. ಆಕ್ಷೇಪ ಸರಿ. ಆದರೆ ಊರಿನ ದೂರವನ್ನು ಕಿಲೋಮೀಟರಿನಲ್ಲೇ ಅಳೆಯಬೇಕೆಂದು ಯಾರು ಹೇಳಿದರು? ನಾನು ಮಗ್ಗದ ಸದ್ದಿನಲ್ಲಿ ಹುಟ್ಟಿ, ಆ ಸದ್ದಿನಲ್ಲೇ ಓದಿ, ವಿದ್ಯುತ್ತು ಹೋಗಿ ಮಗ್ಗ ನಿಂತರೆ ಎಚ್ಚರಾಗುತ್ತಿದ್ದವಳು. ಇಲ್ಲಿ ನನ್ನ ನಿದ್ದೆ ಕೆಡಿಸಿದ್ದು ನಿಶ್ಶಬ್ದ. ಅಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಬಾಜು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಾವು ಸೀನುತ್ತಿದ್ದೆವು. ಇಲ್ಲಿ ಮನೆಗಳ ನಡುವೆ ಹಿತ್ತಲು, ಹಲಸಿನ ಮರ, ಕೆಂಪು ಕಲ್ಲಿನ ಗಿಡ್ಡ ಗೋಡೆ. ಅಲ್ಲಿ ಓಣಿಯ ನಾಯಿಗಳಿಗೆ ಮಾಲೀಕರಿರಲಿಲ್ಲ. ಅವ್ವ ಬೆಳಿಗ್ಗೆ ರೊಟ್ಟಿಯ ಚೂರು ಎಸೆಯುವಳು, ಅವು ಬೀದಿಯಲ್ಲೇ ತಿಂದು ಹೋಗುವವು. ನಮ್ಮ ಹೊಸ್ತಿಲು ಅವಕ್ಕೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಮಾಲೀಕರಿರುವ ನಾಯಿಗೆ ಹೊಸ್ತಿಲಿನ ಪರಿವೆ ಇಲ್ಲದಿರುವುದು ನನಗೆ ಹೊಸತು.

ನಾನು ಈ ಊರಿಗೆ ಬಂದದ್ದೇ ಒಂದು ಸಂಜೆಯ ಆಸೆಗೆ. ಸಂದರ್ಶನಕ್ಕೆ ಬಂದ ದಿನ ಮಲಪ್ರಭಾ ದಂಡೆಯ ಹಾದಿಯಲ್ಲಿ ಒಬ್ಬಳೇ ನಡೆದಿದ್ದೆ. ಯಾರೂ ಏನೂ ಕೇಳಲಿಲ್ಲ. ಶಹಾಪುರದಲ್ಲಿ ಹುಡುಗಿ ಮನೆಯಿಂದ ಹೊರಟು ಓಣಿಯ ಮೂಲೆ ತಲುಪುವುದರೊಳಗೆ “ಎಲ್ಲಿ ಹೊಂಟೀಯವಾ? ಒಬ್ಬಾಕಿನ?” ಎಂದು ಕಟ್ಟೆಕಟ್ಟೆಯಿಂದಲೂ ವಿಚಾರಣೆ. ಅದು ಪ್ರೀತಿಯೇ, ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಕಟ್ಟೆಯಲ್ಲೂ ಉತ್ತರ ಕೊಟ್ಟು ದಾಟಬೇಕಾದ ಪ್ರೀತಿ. ಆ ಹೊಳೆದಂಡೆಯ ಹಾದಿಗಾಗಿ ನಾನು ಮನೆ ಬಿಟ್ಟೆ. ಅದನ್ನೇ ಈ ನಾಯಿ ಕಸಿದುಕೊಂಡಿತು. ಗೇಟು ತೆರೆದರೆ ಎಲ್ಲಿದ್ದರೂ ಓಡಿ ಬರುವುದು, ಹಿಮ್ಮಡಿ ಮೂಸುವುದು, ನಾನು ವೇಗ ಹೆಚ್ಚಿಸಿದರೆ ಬೊಗಳುತ್ತ ಮೈಮೇಲೆ ಹಾರುವುದು. ಕೆಲವು ಸಂಜೆ ಅರ್ಧ ಹಾದಿಯಿಂದ ಮರಳಿದೆ. ಆಮೇಲೆ ಹೊರಡುವುದನ್ನೇ ಬಿಟ್ಟು, ಕಿಟಕಿಯಲ್ಲಿ ಕೂತು ಅದನ್ನು ಬೈಯತೊಡಗಿದೆ.

ನಾಯಿಯ ಹೆಸರು ವಾಘ್ಯಾ. ಸಾಕಿದವರು ಬಾಜು ಮನೆಯ ಕಾಕು. ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ, ಆ ಕರೆ ಇಲ್ಲಿ ನೆರೆಮನೆಯ ಹಿರಿಯ ಹೆಂಗಸರಿಗೆಲ್ಲ ಸಲ್ಲುತ್ತದೆ. ಮಾತುಗಳನ್ನೆಲ್ಲ ಜೋಡಿಸಿಕೊಂಡು ಅವರ ಬಾಗಿಲಿಗೆ ಹೋದೆ.

“ಕಾಕು, ನಿಮ್ಮ ನಾಯೀನ್ನ ಸಂಜೀ ಮುಂದ ಕಟ್ಟಿ ಹಾಕ್ರಿ.”

“ಅಗ ಬಾಯಿ! ಮೊದಲ ಒಳಗ ಬಾ. ನಿಂತು ಮಾತಾಡಾಕ ಇದೇನು ಕಚೇರಿ ಏನ?”

ಕೂತೆ. ಚಹಾ ಬಂತು.

“ಅದು ಕಚ್ಚಂಗಿಲ್ಲ ತಗೋ ಟೀಚರಬಾಯಿ. ಬರೇ ಆಟಾ ಆಡತೈತಿ.”

“ಇನ್ನೂ ಕಚ್ಚಿಲ್ಲ ಅಂದ್ರ ಕಚ್ಚಂಗಿಲ್ಲ ಅಂತ ಹೆಂಗ ಆಗತೈತ್ರಿ?”

ಮೂಲೆಯಲ್ಲಿ ಪೇಪರು ಓದುತ್ತಿದ್ದ ಅವರ ಯಜಮಾನರು, ಕಾಕಾ, ತಲೆ ಎತ್ತಿದರು. “ಪಾಯಿಂಟ್ ಬರೋಬರ್ ಐತಿ.”

“ನೀವು ಸುಮ್ಮ ಪೇಪರ್ ಓದ್ರಿ,” ಎಂದರು ಕಾಕು.

ಅರ್ಧ ತಾಸು ವಾದಿಸಿ ಎದ್ದಾಗ ನನ್ನ ಹಣೆಗೆ ಕುಂಕುಮ ಬಿದ್ದಿತ್ತು, ಕೈಗೆ ಒಂದು ಬಟ್ಟಲು ಕೆಸುವಿನೆಲೆಯ ವಡೆ ಬಂದಿತ್ತು. ನಾಯಿ ಮಾತ್ರ ನನಗಿಂತ ಮೊದಲೇ ನನ್ನ ಮೆಟ್ಟಿಲು ತಲುಪಿತ್ತು.

ಮಂದಿ ಕೊಟ್ಟ ಬಟ್ಟಲನ್ನು ಬರಿದಾಗಿ ಮರಳಿಸುವ ಹಾಗಿಲ್ಲ. ಈ ಒಂದು ವಿಷಯದಲ್ಲಿ ಶಹಾಪುರಕ್ಕೂ ಖಾನಾಪುರಕ್ಕೂ ಭೇದವಿಲ್ಲ. ಹಾಗಾಗಿ ಗುರೆಳ್ಳು ಚಟ್ನಿ ತುಂಬಿ, ಜೊತೆಗೆ ಹೊಸದೊಂದು ವಾದ ಹೊತ್ತು ಮತ್ತೆ ಹೋದೆ. ಬಟ್ಟಲು ಸೋಲಕಡಿ ತುಂಬಿಕೊಂಡು ಬಂತು. ತೆಂಗಿನ ಹಾಲಿಗೆ ಕೋಕಂ ಹಿಂಡಿದ ಗುಲಾಬಿ ಬಣ್ಣದ ಸಾರು. ಮೊದಲ ಗುಟುಕಿಗೆ ಮುಖ ಕಿವುಚಿದೆ, ಮರುದಿನ ಅದೇ ರುಚಿ ಬೇಕೆನಿಸಿತು. ಮಳೆಗಾಲವಿಡೀ ಆ ಬಟ್ಟಲು ಹೋಗುತ್ತ ಬರುತ್ತ ಇತ್ತು, ಅದರ ಬೆನ್ನಿಗೇ ಜಗಳವೂ. ಈಗ ನೆನೆದರೆ ಈ ಊರಿನಲ್ಲಿ ನನ್ನ ಮನಸ್ಸು ನೆಲೆ ನಿಂತದ್ದು ಆ ಜಗಳದಲ್ಲೇ. ಹೊಸ ಊರಿನಲ್ಲಿ ನಮ್ಮ ಮಾತಿಗೆ ಎದುರು ಮಾತಾಡುವವರು ಸಿಗುವುದು ಸಣ್ಣ ಭಾಗ್ಯವಲ್ಲ. ಆಗ ಅದು ಹೊಳೆಯಲಿಲ್ಲ. ನನಗೆ ನನ್ನ ಸಂಜೆ ಬೇಕಿತ್ತು.

ಮಳೆ ಬಿಟ್ಟ ಒಂದು ದಿನ ಹೊಳೆಗೆ ಹೊರಟವಳ ಮೇಲೆ ವಾಘ್ಯಾ ಕೆಸರುಗಾಲಿನಲ್ಲಿ ಹಾರಿತು. ನಾನು ಕಿರುಚಿದೆ, ಬಿದ್ದೆ, ಮೊಣಕಾಲು ತರಚಿತು. ಗೋಡೆಯಾಚೆ ನಿಂತಿದ್ದ ಕಾಕುವಿಗೆ, “ಈ ನಾಯೀನ್ನ ಮೋಕಳಾ ಬಿಡೂ ಹಕ್ಕು ನಿಮಗ ಯಾರು ಕೊಟ್ಟಾರ?” ಎಂದು ಕೂಗಿದೆ. ಮೋಕಳಾ ಎಂದರೆ ಕಟ್ಟಿಲ್ಲದೆ, ಸ್ವಚ್ಛಂದವಾಗಿ. ಇಲ್ಲಿ ಬಂದು ಕಲಿತ ಪದ. ಅವರ ಮೇಲೇ ಬಳಸಿದೆ.

ಕಾಕುವಿಗೂ ಸಿಟ್ಟು ಬಂತು. “ನೀನೂ ಮನಿ ಬಿಟ್ಟು ಮೋಕಳಾ ಅಡ್ಡಾಡಾಕ ಬಂದೀದಿ ಅಲಾ? ನಿನ್ನ ಯಾರರ ಕಟ್ಟಿ ಹಾಕ್ಯಾರೇನ?”

ವೇದಿಕೆಯ ಮೇಲಾಗಿದ್ದರೆ ಉತ್ತರ ಸಿದ್ಧವಿರುತ್ತಿತ್ತು: ಹೋಲಿಕೆಯೇ ತಪ್ಪು, ನಾನು ಯಾರ ಮೈಮೇಲೂ ಹಾರುವುದಿಲ್ಲ. ಆದರೆ ಮಾತು ತಾಗಬೇಕಾದಲ್ಲಿ ತಾಗಿತ್ತು. ಒಳಗೆ ಹೋಗಿ ಅವರ ಬಟ್ಟಲು ತೊಳೆದು, ಬರಿದಾಗಿಯೇ ತಂದು ಗೋಡೆಯ ಮೇಲಿಟ್ಟೆ. ಅರ್ಥ ಗೊತ್ತಿದ್ದೇ ಇಟ್ಟೆ. ಕಾಕು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಎತ್ತಿಕೊಂಡು ಒಳಗೆ ಹೋದರು.

ಮರುದಿನದಿಂದ ವಾಘ್ಯಾ ಸರಪಳಿಯಲ್ಲಿತ್ತು. ನಾನು ಹೊಳೆಗೆ ಹೋದೆ. ಹಿಮ್ಮಡಿ ಮೂಸುವವರಿಲ್ಲ. ತುಂಬಿದ ನೀರು, ಆಚೆ ದಂಡೆಯಲ್ಲಿ ಎಮ್ಮೆಗಳು, ಬಯಸಿದ್ದೆಲ್ಲ ಇತ್ತು. ಮರಳಿ ಬಂದರೆ ಕಾಕುವಿನ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲಿದ್ದ ಕಾಕಾ ಕೂಡ ಪೇಪರಿನಿಂದ ತಲೆ ಎತ್ತಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಸೋತ ತಂಡ ಕೈ ಕುಲುಕಿ ಬಸ್ಸು ಹತ್ತಿ ಹೋಗುತ್ತದೆ. ಇಲ್ಲಿ ಬಾಜು ಮನೆಯಲ್ಲೇ ಉಳಿಯುತ್ತದೆ. ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುವಾಗ ಸರಪಳಿಯ ಸದ್ದು ಕೇಳುತ್ತಿತ್ತು. ಮನುಷ್ಯರ ದನಿ ಮಾತ್ರ ಇಲ್ಲ.

ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ, ಗೆದ್ದವಳ ಧಾಟಿಯಲ್ಲೇ.

“ಬರೇ ಬಟ್ಟಲಾ ಇಟ್ಟು ಬಂದಿ?” ಎಂದಳು ಅವ್ವ. “ನಾಯಿ ಮಾತಿನಾಗ ನಿಂದ ಖರೇ. ಬಟ್ಟಲದ ಮಾತಿನಾಗ ಅಲ್ಲ. ಎರಡೂ ಕೂಡಿಸಬ್ಯಾಡ.”

ವಾದದಲ್ಲಿ ಎರಡು ವಿಷಯ ಬೆರೆಸಬಾರದೆಂದು ನಾನೇ ಮಕ್ಕಳಿಗೆ ಕಲಿಸುತ್ತೇನೆ. ಅವ್ವ ಹೇಳಿದಂತೆ ಗೋಧಿ ಹುರಿದು, ಬೆಲ್ಲ ಕೊಬ್ಬರಿ ಕಲಸಿ ಮಾದಲಿ ಮಾಡಿದೆ. ಪುಡಿ ಸ್ವಲ್ಪ ತರಿಯಾಯಿತು. ಈ ಸಲ ನನ್ನದೇ ಬಟ್ಟಲಿನಲ್ಲಿ ಒಯ್ದೆ.

ಕಾಕು ಬಾಗಿಲಲ್ಲೇ ನಿಂತರು. “ನಾಯೀನ್ನ ಬಿಡ್ರಿ ಅಂತ ಹೇಳಾಕ ಬಂದಿ?”

“ಇಲ್ರಿ. ನಾಯಿ ವಿಷಯದಾಗ ನನ್ನ ಮಾತು ಬದಲಾಗಿಲ್ಲ. ಬಟ್ಟಲಾ ಬರೇದ ಇಟ್ಟಿದ್ದು ತಪ್ಪಾತು.”

ಅವರು ಬೆರಳಲ್ಲಿ ಮಾದಲಿ ತೆಗೆದು ಬಾಯಿಗಿಟ್ಟುಕೊಂಡರು. “ಜಿದ್ದೀ ಪೋರಿ,” ಎಂದರು. ಹಟಮಾರಿ ಹುಡುಗಿ ಎಂದರ್ಥ. “ಇನ್ನೊಂಚೂರು ಸಣ್ಣಗ ಕುಟ್ಟಬೇಕಾಗಿತ್ತು. ಕುಂದರ ಬಾ.”

ಚಹಾದ ನಡುವೆ ಒಪ್ಪಂದವಾಯಿತು. ಇಡೀ ದಿನ ಕಟ್ಟುವುದು ಬೇಡ, ನಾನು ಹೊರಡುವಾಗ ಹಿಡಿದುಕೊಂಡರೆ ಸಾಕು, ಬಂದ ಮೇಲೆ ಬಿಡಲಿ. ಅಂದಿನಿಂದ ಸಂಜೆ ನಾನು ಹೊಸ್ತಿಲಲ್ಲಿ ನಿಂತು “ಕಾಕೂ” ಎನ್ನುತ್ತೇನೆ. ಗೋಡೆಯಾಚೆಯಿಂದ “ಹಾಂ, ಹಿಡದೀನಿ, ಹೋಗ!” ಎಂದು ಕೂಗು ಬರುತ್ತದೆ. ಮರಳಿದಾಗ “ಬಂದ್ಯಾ? ಬಿಡ್ಲ್ಯಾ?” ನಾನು ಯಾವಾಗ ಹೋದೆ, ಯಾವಾಗ ಬಂದೆ ಎಂಬುದು ಈಗ ಬೀದಿಗೆಲ್ಲ ಗೊತ್ತು. ಯಾವುದರಿಂದ ತಪ್ಪಿಸಿಕೊಂಡು ಬಂದೆನೋ ಅದೇ ಇಲ್ಲಿ ಮರಾಠಿ ಬೆರೆತ ಕನ್ನಡದಲ್ಲಿ ಸಿಕ್ಕಿತು ಎಂದು ನೀವು ಆಕ್ಷೇಪಿಸಬಹುದು. ಒಂದೇ ಪ್ರತಿವಾದ: ಎಲ್ಲಿಗೆ ಎಂದು ಕಾಕು ಈವರೆಗೆ ಕೇಳಿಲ್ಲ.

ಮೊನ್ನೆ ಶಾಲೆಯ ಸೂಟಿಗೆ ಶಹಾಪುರಕ್ಕೆ ಹೋಗಿದ್ದೆ. ಅವ್ವ ಸಂಜೆ ಕೊತ್ತಂಬರಿ ತರಲು ಹೇಳಿದಳು. ಚೀಲ ಹಿಡಿದು ಬಾಗಿಲಿಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ.

“ಯಾಕ ನಿಂತಿ? ಯಾರ್ನ ಕಾಯಾಕತ್ತಿ?” ಎಂದಳು ಅವ್ವ ಒಳಗಿನಿಂದ.

“ಯಾರ್ನೂ ಇಲ್ಲ,” ಅಂದೆ. ಆದರೂ ಇನ್ನೊಂದು ಗಳಿಗೆ ನಿಂತು, ಗೋಡೆಯಾಚೆಯಿಂದ ಯಾರೂ ಕೂಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಾಲು ಕೆಳಗಿಟ್ಟೆ.