ತಮ್ಮನಿಗೆ ಬಂದಿದ್ದ ಫೋನು

ನನ್ನ ತಮ್ಮನ ಎಡಗೈ ತೋರುಬೆರಳಿನ ಮಗ್ಗುಲಲ್ಲಿ, ಮೊದಲ ಗೆಣ್ಣಿನ ಹತ್ತಿರ, ಚರ್ಮ ಗಟ್ಟಿಯಾಗಿ ಹುಣಸೆಬೀಜದಷ್ಟು ದಪ್ಪದ ಗಂಟು ಕಟ್ಟಿತ್ತು. ಬೇಸಿಗೆಯಲ್ಲಿ ಅದು ಸೀಳಿ ರಕ್ತ ಬರುತ್ತಿತ್ತು. ಅವ್ವ ಔಡಲೆಣ್ಣೆ ಹಚ್ಚಲು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. "ಬ್ಯಾಡಬೇ. ಮೆತ್ತಗಾತಂದ್ರ ಚೆಂಡು ಕೈಮಾತು ಕೇಳಂಗಿಲ್ಲ" ಎನ್ನುತ್ತಿದ್ದ.

ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸುವುದು ಅವನ ಚಟ. ಉಳ್ಳಾಗಡ್ಡಿ, ಮೊಸಂಬಿ, ಲಿಂಬೆಹಣ್ಣು ಯಾವುದೂ ಅವನಿಂದ ತಪ್ಪಿಸಿಕೊಂಡಿದ್ದಿಲ್ಲ. ಅವ್ವ ರೊಟ್ಟಿ ಬಡಿಯಲು ಕುಳಿತರೆ ಹಿಟ್ಟಿನ ಉಂಡೆ ಎತ್ತಿ, ಗಾಳಿಯಲ್ಲಿ ತಿರುಗಿಸಿ, ಪರಾತದೊಳಗೆ ಸರಿಯಾಗಿ ಬೀಳುವಂತೆ ಎಸೆಯುತ್ತಿದ್ದ. "ಎಡಗೈಲೆ ಅನ್ನ ಮುಟ್ಟಬ್ಯಾಡೋ ಖೋಡಿ" ಎಂದು ಅವ್ವ ಬೈದರೆ, "ಇದು ಉಣ್ಣೋ ಕೈ ಅಲ್ಲಬೇ, ದುಡಿಯೋ ಕೈ" ಎಂದು ನಗುತ್ತಿದ್ದ. ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಅವನ ಕೈಯಿಂದ ಜಾರಿದ ಲಿಂಬೆಹಣ್ಣು ಉರುಳಿಕೊಂಡು ಡ್ರೈವರನ ಕಾಲ ಬುಡಕ್ಕೆ ಹೋಗಿತ್ತು. ಆಮೇಲಿಂದ ಆ ಬಸ್ಸಿನ ಕಂಡಕ್ಟರ್ ಇವನನ್ನು ಕಂಡಾಗಲೆಲ್ಲ, "ಹಣ್ಣು ಕಿಸೇದಾಗ ಇಟ್ಟು ಹತ್ತಪಾ" ಎನ್ನುತ್ತಿದ್ದ.

ಅವನು ಎಡಗೈ ಸ್ಪಿನ್ನರ್. ಕಾಲೇಜಿಗೆಂದು ಕಲಬುರಗಿಗೆ ಹೋದವನು ಐವಾನ್-ಎ-ಶಾಹಿ ಹತ್ತಿರ ಗೆಳೆಯನೊಬ್ಬನ ಜೊತೆ ಖೋಲಿ ಹಿಡಿದು, ಓದಿಗಿಂತ ಹೆಚ್ಚು ಬೌಲಿಂಗ್ ಮಾಡಿದ. ನಾನು ಅದಕ್ಕೆ ಬೈದವನಲ್ಲ. ಅಪ್ಪ ಬೇಗ ತೀರಿಹೋಗಿದ್ದರಿಂದ ಅವನನ್ನು ಬೆಳೆಸಿದವನು ನಾನೇ. ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟನ್ನು ಅದೇ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆ. ಬಿಡುವಾದಾಗ ಆಟ ನೋಡಲು ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದೆ.

ಒಂದು ಪಂದ್ಯದಲ್ಲಿ ದಪ್ಪ ತೋಳಿನ ಹುಡುಗನೊಬ್ಬ ಇವನ ಚೆಂಡುಗಳನ್ನು ಒಂದರ ಹಿಂದೆ ಒಂದು ಗೋಡೆಯಾಚೆ ಬಾರಿಸಿದ. ನನಗೆ ಮೈಯೆಲ್ಲ ಉರಿ. ಇವನು ಮಾತ್ರ ನಗುತ್ತಿದ್ದ. ಮುಂದಿನ ಓವರಿಗೂ ತಾನೇ ಹೋಗಿ ನಾಯಕನಿಂದ ಚೆಂಡು ಇಸಿದುಕೊಂಡ. ಈ ಸಲ ಇನ್ನೂ ಮೆಲ್ಲಗೆ, ಇನ್ನೂ ಎತ್ತರಕ್ಕೆ ಹಾಕಿದ. ಆ ಹುಡುಗ ಆಸೆಯಿಂದ ಮುಂದೆ ಬಂದು ಬ್ಯಾಟು ಬೀಸಿದ, ಚೆಂಡು ತಿರುಗಿ ಕೀಪರನ ಕೈ ಸೇರಿತು, ಸ್ಟಂಪು ಹಾರಿತು.

"ಹೊಡಿಸಿಕೊಂಡು ನಗತೀಯಲ್ಲೋ, ನಾಚಿಕಿ ಇಲ್ಲೇನು?" ಎಂದು ಆಮೇಲೆ ಕೇಳಿದೆ.

"ನಾ ಸಿಟ್ಟಿಗೆದ್ರ ಅವ ಹುಷಾರಾಗ್ತಿದ್ದ, ಅಣ್ಣಾ. ನಕ್ಕೆ, ಅದಕ್ಕ ಮುಂದ ಬಂದ."

ಇಂಥ ಬುದ್ಧಿ ನನಗೂ ಇದೆಯೆಂದು ನಾನು ತಿಳಿದಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕಸುಬಾದ ಎತ್ತಿನ ದಲಾಲಿಗೆ ಇಳಿದವನು ನಾನು. ನಮ್ಮ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಗಿರಾಕಿಯ ಬೆರಳು ಹಿಡಿದು ಹೇಳುತ್ತೇವೆ. ಮಾರಾಟವಾಗದಿದ್ದರೂ ಎತ್ತಿನ ಒಡೆಯ ನಾಲ್ಕು ಮಂದಿಯ ಎದುರು ಸಣ್ಣವನಾಗುವುದಿಲ್ಲ. ಇನ್ನೊಂದು ರೀತಿಯೂ ಇದೆ. ಗಿರಾಕಿ ಬೆಲೆ ಕೇಳಿದ ಕೂಡಲೇ ಒಪ್ಪಬಾರದು. "ಬ್ಯಾರೆಯವ್ರೂ ಕೇಳ್ಯಾರ, ನೋಡೋಣ" ಎನ್ನಬೇಕು. ಅವನು ಎದ್ದು ಹೋದರೆ ಹಿಂದಿನಿಂದ ಕರೆಯಬಾರದು. ಚಹಾ ಕುಡಿದು, ಸಂತೆ ಸುತ್ತಿ, ಅವನೇ ಬರುತ್ತಾನೆ, ಬೆರಳು ಹೆಚ್ಚಿಸುತ್ತಾನೆ. ಬೇರೆ ಯಾರೂ ಕೇಳಿಲ್ಲವೆಂಬುದು ಗಿರಾಕಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಅದನ್ನು ಸುಳ್ಳು ಎನ್ನುವುದಿಲ್ಲ, ವ್ಯವಹಾರ ಎನ್ನುತ್ತೇವೆ.

ಆ ವರ್ಷ ರಾಜ್ಯದ ಲೀಗಿನ ಹರಾಜಿಗೆ ತಮ್ಮನ ಹೆಸರು ಹೋಯಿತು. ಬೆಂಗಳೂರಿನ ಟ್ರಯಲ್ಸ್‌ನಲ್ಲಿ ಎರಡು ದಿನ ತಂಡದವರ ಮುಂದೆ ಬೌಲಿಂಗ್ ಮಾಡಿ ಬಂದಿದ್ದ. ವಯಸ್ಸು ಏರುತ್ತಿತ್ತು. "ಈ ಸಲ ಯಾರಾರ ತಗೊಂಡ್ರ ಆತು ಅಣ್ಣಾ, ಇಲ್ಲಾಂದ್ರ ಮುಂದ ನನ್ನ ಯಾರೂ ನೋಡಂಗಿಲ್ಲ" ಎಂದಿದ್ದ. ಆಡುವಾಗ ತಾನು ಫೋನ್ ಎತ್ತುವುದಿಲ್ಲವೆಂದು ಅರ್ಜಿಯಲ್ಲಿ ನನ್ನ ನಂಬರ್ ಬರೆದಿದ್ದ.

ಹರಾಜಿಗೆ ಸ್ವಲ್ಪ ದಿನ ಮೊದಲು ಆ ಫೋನು ಬಂತು. ನಾನು ಸಂತೆಯಲ್ಲಿದ್ದೆ. ಬಲಗೈ ವಲ್ಲಿಯ ಕೆಳಗೆ ಗಿರಾಕಿಯೊಬ್ಬನ ಕೈಯಲ್ಲಿತ್ತು, ಎಡಗೈಯಿಂದ ಫೋನು ಎತ್ತಿದೆ. ಆ ಕಡೆಯವರು ತಂಡವೊಂದರ ಹೆಸರು ಹೇಳಿದರು.

"ನಿಮ್ಮ ತಮ್ಮನ್ನ ಟ್ರಯಲ್ಸ್‌ನಲ್ಲಿ ನೋಡಿದೀವಿ ಸರ್. ನಮಗೆ ಅಂಥ ಎಡಗೈ ಹುಡುಗ ಬೇಕು. ಪೂರ್ತಿ ಸೀಸನ್ ಸಿಗ್ತಾರಾ? ಮೂಲಬೆಲೆಗೆ ಕರೆದರೆ ಅವರಿಗೆ ಒಪ್ಪಿಗೆನಾ?"

ಕೂಡಲೇ ಹೂಂ ಎನ್ನಬೇಕೆನಿಸಿತು. ಆದರೂ ಬಾಯಿಗೆ ಬಂದದ್ದು ಕಸುಬಿನ ಮಾತು.

"ನೋಡ್ರಿ ಸಾಹೇಬ್ರ, ಇನ್ನೂ ಎರಡು ಟೀಮಿನವ್ರು ಕೇಳ್ಯಾರ. ಮೂಲಬೆಲಿ ಅಂದ್ರ ಹ್ಯಾಂಗ್ರಿ? ವಿಚಾರ ಮಾಡೋಣ."

ಅವರು "ಹೌದಾ? ಸರಿ ಸರ್" ಎಂದು ಫೋನು ಇಟ್ಟರು. ನಿಜಕ್ಕೂ ಬೇರೆ ಯಾವ ತಂಡದವರೂ ಕೇಳಿರಲಿಲ್ಲ.

ಅವರು ಮತ್ತೆ ಮಾಡುತ್ತಾರೆಂದು ಕಾದೆ. ತಮ್ಮನಿಗೆ ಹೇಳಲಿಲ್ಲ. ಹೆಚ್ಚಿನ ಬೆಲೆಯ ಸುದ್ದಿಯನ್ನೇ ಒಮ್ಮೆಲೇ ಹೇಳಬೇಕೆಂಬ ಹುಚ್ಚು. ಫೋನು ಬರಲಿಲ್ಲ. ನಾನೇ ಮಾಡಬಹುದಿತ್ತು, ನಂಬರು ಕೈಯಲ್ಲೇ ಇತ್ತು. ಎದ್ದು ಹೋದ ಗಿರಾಕಿಯನ್ನು ಕರೆಯಬಾರದೆಂದು ಸುಮ್ಮನಿದ್ದೆ.

ಹರಾಜಿನ ದಿನ ಅವನ ಖೋಲಿಗೆ ಹೋದೆ. ಖೋಲಿಯ ಗೆಳೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು, ದೊಡ್ಡ ಪರದೆಯ ಫೋನೊಂದನ್ನು ತಂದು ಗೋಡೆಗೆ ಆನಿಸಿ ಇಟ್ಟಿದ್ದ.

"ಅರೆ ಭಾಯ್, ಟೀಮಿನ ಬಸ್ಸಿನಾಗ ನನಗೂ ಒಂದು ಸೀಟ್ ಹಿಡಿ. ಬ್ಯಾಗ್ ಹೊರತೀನಿ" ಎಂದ.

"ನಿನ್ನ ಬ್ಯಾಗ್ ನಾನೇ ಹೊರಬೇಕಾಗ್ತದ. ಬಸ್ ಹತ್ತಿದ ಕೂಡಲೇ ಮಲಗ್ತಿ" ಎಂದು ತಮ್ಮ ನಕ್ಕ. ಆದರೆ ತಂದಿಟ್ಟ ಚಹಾ ಅವನು ಮುಟ್ಟಿರಲಿಲ್ಲ.

ಬೇರೊಬ್ಬ ಎಡಗೈ ಸ್ಪಿನ್ನರನ ಹೆಸರು ಮೊದಲು ಬಂತು. ನನಗೆ ಫೋನು ಮಾಡಿದ್ದ ತಂಡವೇ ಅವನನ್ನು ತೆಗೆದುಕೊಂಡಿತು, ಮೂಲಬೆಲೆಗೆ. "ಚಲೋ ಹಾಕ್ತಾನ ಅವ" ಎಂದ ತಮ್ಮ. ಅದಾಗಿ ಸ್ವಲ್ಪ ಹೊತ್ತಿಗೆ ಇವನ ಹೆಸರು ಕೂಗಿದರು. ಕೂಗಿದವನು ಆ ಕಡೆ ಈ ಕಡೆ ನೋಡಿದ. ಮೇಜುಗಳ ಹಿಂದೆ ಕುಳಿತವರು ತಮ್ಮ ತಮ್ಮ ಕಾಗದ ನೋಡಿಕೊಳ್ಳುತ್ತಿದ್ದರು, ಒಬ್ಬ ನೀರು ಕುಡಿಯುತ್ತಿದ್ದ. ಯಾರ ಕೈಯೂ ಏಳಲಿಲ್ಲ. ಮುಂದಿನ ಹೆಸರು ಬಂದುಬಿಟ್ಟಿತು. ನಮ್ಮ ಸಂತೆಯಲ್ಲಿ ಎತ್ತಿಗೆ ಸಿಗುವ ಮರೆ ಅಲ್ಲಿ ನನ್ನ ತಮ್ಮನಿಗೆ ಸಿಗಲಿಲ್ಲ.

"ಕಡೀಕ ಉಳಿದವ್ರನ್ನ ಮತ್ತೊಮ್ಮಿ ಕರೀತಾರಲ್ಲ ಭಾಯ್" ಎಂದ ಗೆಳೆಯ. ತಮ್ಮ ತಲೆಯಾಡಿಸಿದ.

ನಾನು ಹೊರಗೆ ಬಂದು ಆ ನಂಬರಿಗೆ ಫೋನು ಹಚ್ಚಿದೆ. ಅವರು ಎತ್ತಿದರು. ಮೂಲಬೆಲೆಗೇ ಬರುತ್ತಾನೆ, ಮತ್ತೊಮ್ಮೆ ಕರೆಯುವಾಗ ತೆಗೆದುಕೊಳ್ಳಿರೆಂದು ಬೇಡಿಕೊಂಡೆ.

"ಇನ್ನೆರಡು ತಂಡ ಕೇಳಿದೆ ಅಂದ್ರಲ್ಲ ಸರ್. ಬೆಲೆ ಏರುತ್ತೆ, ನಮ್ಮ ಕೈಗೆ ಸಿಗಲ್ಲ ಅಂತ ಮೊದಲು ಬಂದವರನ್ನ ತಗೊಂಡ್ವಿ. ಈಗ ಜಾಗ ಇಲ್ಲ. ನೀವು ಅವತ್ತೇ ಹೂಂ ಅಂದಿದ್ರೆ ಆಗ್ತಿತ್ತು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಒಳಗೆ ಬಂದಾಗ ತಮ್ಮ ಕೇಳಿದ. "ಯಾರ ಫೋನ್ ಅಣ್ಣಾ?"

"ಎತ್ತಿನ ಗಿರಾಕಿ" ಎಂದೆ.

ಕಡೆಯಲ್ಲಿ ಮತ್ತೊಮ್ಮೆ ಕರೆದವರಲ್ಲಿ ಅವನ ಹೆಸರೇ ಬರಲಿಲ್ಲ.

ಆ ಸೀಸನ್ನಿನ ನಡುವೆ ಆ ತಂಡದವರು ಕೊಂಡಿದ್ದ ಸ್ಪಿನ್ನರನಿಗೆ ಭುಜ ನೋವಾಯಿತು, ಬದಲಿ ಆಟಗಾರನನ್ನು ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂತು. ನಾನು ಫೋನನ್ನು ಅಂಗಿಯ ಮೇಲಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ, ಸಂತೆಗೂ ಹೋಗಲಿಲ್ಲ. ಅವರು ಬೇರೆ ಯಾರನ್ನೋ ಕರೆದರು.

ಯಾರಿಗೂ ಬೇಡವಾದದ್ದು ತನ್ನ ಬೌಲಿಂಗಿನ ದೋಷದಿಂದಲೇ ಎಂದು ತಮ್ಮ ನಂಬಿದ. "ನಂದು ಭಾಳ ಮೆತ್ತಗ ಅದ ಅಣ್ಣಾ, ಈಗಿನ ಆಟಕ್ಕ ನಡಿಯಂಗಿಲ್ಲ" ಎಂದು ಕೈ ತಿರುಗಿಸುವ ರೀತಿಯನ್ನೇ ಬದಲಿಸಿ ಜೋರಾಗಿ ಹಾಕತೊಡಗಿದ. ಗಾಳಿಯಲ್ಲಿ ತೇಲುತ್ತಿದ್ದ ಚೆಂಡು ತೇಲುವುದನ್ನು ಬಿಟ್ಟಿತು. ಹಳೆಯ ರೀತಿಗೆ ಮರಳಲು ನೋಡಿದಾಗ ಅದೂ ಕೈಗೆ ಹತ್ತಲಿಲ್ಲ. ಅಷ್ಟು ಚೆನ್ನಾಗಿದ್ದ ಕೈಯನ್ನು ಅವನು ತಾನೇ ಕೆಡಿಸಿಕೊಳ್ಳುತ್ತಿದ್ದಾಗ ನಾನು ಬೇವಿನ ಮರದ ಕೆಳಗೆ ಕುಳಿತು ನೋಡಿದೆ. ನಿನ್ನಲ್ಲಿ ದೋಷವಿಲ್ಲ ಎನ್ನಲು ನನ್ನ ದೋಷ ಹೇಳಬೇಕಾಗಿತ್ತು. ಹೇಳಲಿಲ್ಲ. ಮುಂದಿನ ವರ್ಷ ಟ್ರಯಲ್ಸ್‌ಗೂ ಅವನನ್ನು ಕರೆಯಲಿಲ್ಲ.

ಈಗ ಅವನು ಸೇಡಂ ರಸ್ತೆಯ ಔಷಧಿ ಅಂಗಡಿಯೊಂದರಲ್ಲಿದ್ದಾನೆ. ಮದುವೆಯಾಗಿದೆ. ಗುಳಿಗೆ ಕೊಡುವಾಗ ಮುದುಕರಿಗೆ ಬೇಸರವಿಲ್ಲದೆ ಮೂರು ಸಲ ಬಿಡಿಸಿ ಹೇಳುತ್ತಾನೆ, ಹಾಗಾಗಿ ಅವನನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಆಟದ ಮಾತು ತೆಗೆಯುವುದಿಲ್ಲ, ಬೇರೆಯವರು ತೆಗೆದರೆ ಎದ್ದು ಹೋಗುವುದೂ ಇಲ್ಲ.

ಈ ವರ್ಷದ ಹರಾಜಿನ ದಿನ ಅವನು ಕಮಲಾಪುರಕ್ಕೆ ಬಂದಿದ್ದ. ನಮ್ಮ ಮನೆಯ ಟಿವಿಯಲ್ಲಿ ಅದು ನಡೆದಿತ್ತು. ಸೋದರಮಾವ ಅಡಕೆ ಜಗಿಯುತ್ತ, "ನೀನೂ ಒಮ್ಮಿ ಈ ಸಂತ್ಯಾಗ ನಿಂತಿದ್ದಿ ಅಲ್ಲೋ ಅಳಿಯಾ?" ಎಂದು ಕೆಣಕಿದ.

"ನಿಂತಿದ್ದೆ ಮಾವ. ಬಾಯಿ ತೆಗೆದು ಹಲ್ಲು ನೋಡಾಕೂ ಯಾರೂ ಬರಲಿಲ್ಲ" ಎಂದ ತಮ್ಮ. ಎಲ್ಲರೂ ನಕ್ಕರು, ಅವನೂ ನಕ್ಕ. ಅವನ ಹೆಂಡತಿ ಮಾತ್ರ ನಗಲಿಲ್ಲ. ಎದ್ದು ಒಳಗೆ ಹೋದಳು.

ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮರುದಿನ ಅವನ ಅಂಗಡಿಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸಂತೆಯಲ್ಲಿ ಬಂದ ಫೋನು, ನಾನು ಆಡಿದ ಮಾತು, ಹರಾಜಿನ ದಿನ ಹೊರಗೆ ನಿಂತು ಬೇಡಿಕೊಂಡದ್ದು, ಆಮೇಲೆ ಹೇಳಿದ ಸುಳ್ಳು. ಹೇಳುತ್ತಿರುವಾಗಲೇ ಹೆಂಗಸೊಬ್ಬಳು ಕೆಮ್ಮಿನ ಔಷಧಿಗೆ ಬಂದಳು. ಬಾಟಲಿ ತೆಗೆದುಕೊಟ್ಟು, "ಉಂಡ ಮ್ಯಾಲ ಕೊಡ್ರಿ ಯಕ್ಕಾ, ಖಾಲಿ ಹೊಟ್ಟಿಗಿ ಬ್ಯಾಡ" ಎಂದು ಅವಳನ್ನು ಕಳಿಸಿ, ನನ್ನ ಕಡೆ ತಿರುಗಿದ. ಬೈಯುತ್ತಾನೆಂದು ಕಾದೆ. ಹೊಡೆದಿದ್ದರೂ ನಿಲ್ಲುತ್ತಿದ್ದೆ.

"ಅವ್ರೇ ಫೋನ್ ಮಾಡಿದ್ರಾ?" ಎಂದ.

"ಹೂಂ."

"ಏನಂದ್ರು? ಅವ್ರು ಅಂದಂಗೇ ಹೇಳು."

"ಟ್ರಯಲ್ಸ್‌ನಲ್ಲಿ ನೋಡಿದೀವಿ, ಅಂಥ ಎಡಗೈ ಹುಡುಗ ಬೇಕು ಅಂದ್ರು."

"ಅಂಥ ಅಂದ್ರಾ?"

"ಅಂಥ ಅಂದ್ರು."

ಅವನ ಮುಖ ಅರಳಿತು. ಎಷ್ಟೋ ವರ್ಷದಿಂದ ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. "ಎರಡನೇ ದಿನ ನೋಡಿರಬೇಕು. ಮೊದಲ ದಿನ ಕೈ ಬಿಗಿ ಹಿಡದಿತ್ತು. ಎರಡನೇ ದಿನ ಚೆಂಡು ಚಲೋ ತೇಲಿತ್ತು" ಎಂದ. ನನಗಲ್ಲ, ತನಗೇ ಹೇಳಿಕೊಂಡಂತೆ. ಆಮೇಲೆ ಆ ಬೆಳಕು ಮೆಲ್ಲಗೆ ಇಳಿಯಿತು. ಗಲ್ಲೆಯ ಮೇಲೆ ಕೈಯೂರಿ ನಿಂತ.

"ಟೀಮಿನ ಮಾತು ಹೋಗ್ಲಿ. ಅವ್ರು ಕೇಳಿದ್ರು ಅನ್ನೂದಾರ ನನಗ ಕೊಡಬೇಕಿತ್ತು ಅಣ್ಣಾ. ಅದು ನಂದಿತ್ತು."

ಅವನು ಮಾತು ಬಿಟ್ಟಿಲ್ಲ. ಅವ್ವನ ಬಿಪಿ ಗುಳಿಗೆ ಮುಗಿಯುವ ಮೊದಲೇ ಫೋನು ಮಾಡುತ್ತಾನೆ, ಕಂಡಕ್ಟರನ ಕೈಯಲ್ಲಿ ಕಳಿಸುತ್ತಾನೆ. ಆದರೆ ಬೇರೇನೋ ಮಾತಾಡುತ್ತಿರುವಾಗ ನಡುವೆ ನಿಂತು ಆ ದಿನದ್ದನ್ನು ಕೇಳುತ್ತಾನೆ. ಮಾತಾಡಿದವರು ವಯಸ್ಸಾದವರಾ? ನನ್ನ ಹೆಸರು ಹಿಡಿದು ಹೇಳಿದರಾ? ಬೌಲಿಂಗ್ ಬಗ್ಗೆ ಇನ್ನೇನಾದರೂ ಅಂದರಾ? ಇಲ್ಲದ ಮಾತು ಕಟ್ಟಿ ಹೇಳುವುದು ನನ್ನ ಕಸುಬು. ಹೌದು, ನಿನ್ನ ಕೈಯನ್ನು ಭಾಳ ಹೊಗಳಿದರು ಎಂದರೆ ಅವನಿಗೆ ಎಷ್ಟು ಹಿಗ್ಗಾಗುತ್ತದೆ ಎಂಬುದೂ ಗೊತ್ತು. ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡು, "ಅಷ್ಟೇ ಅಂದಿದ್ರು ತಮ್ಮಾ" ಎನ್ನುತ್ತೇನೆ.

"ಇರ್ಲಿ ಬಿಡು" ಎಂದು ಫೋನು ಇಡುತ್ತಾನೆ.