ವಿಮಾನದ ಶಾಲೆಗೆ ಮನೆ ನೋಡಲು ಹೋದ ದೊಡ್ಡವ್ವ

ದೊಡ್ಡವ್ವ ನಗುವಾಗ ಮೊದಲು ಹೊಟ್ಟೆ ಕುಣಿಯುತ್ತಿತ್ತು, ಆಮೇಲೆ ಭುಜ. ಕಣ್ಣಲ್ಲಿ ನೀರು ತುಂಬಿದ ಮೇಲೆ ಕೊನೆಗೊಮ್ಮೆ ದನಿ ಬರುತ್ತಿತ್ತು. ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಹಾಗೆ ಅಲ್ಲಾಡುತ್ತ ಕುಳಿತರೆ, ವಿಷಯ ಏನೆಂದು ಗೊತ್ತಿಲ್ಲದವರೂ ನಗತೊಡಗುತ್ತಿದ್ದರು. ಅವಳು ನನ್ನ ಅವ್ವನ ಅಕ್ಕ, ಇದ್ದದ್ದು ಮುರಗೋಡದಲ್ಲಿ. ಬೈಲಹೊಂಗಲದ ನಮ್ಮ ಮನೆಗೆ ಬಂದಳೆಂದರೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸುತ್ತಿದ್ದವು. ಅವಳು ಹೋದ ಮೇಲೆ ಅವ್ವ ಸಕ್ಕರೆ ಹುಡುಕುತ್ತ ತಿರುಗುತ್ತಿದ್ದಳು.

ನಮ್ಮ ಬಳಗದಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಬರುವ ಕೆಲಸ ಅವಳದೇ. ಅದಕ್ಕೆ ಅವಳದೊಂದು ಪದ್ಧತಿ ಇತ್ತು. ಹೇಳದೆ ಕೇಳದೆ ಹೋಗುವುದು. ಪಡಸಾಲೆಯಲ್ಲಿ ಕೂರದೆ, ಕೈಕಾಲು ತೊಳೆಯುವ ನೆಪದಲ್ಲಿ ಸೀದಾ ಹಿತ್ತಲಿಗೆ ನಡೆಯುವುದು. ಆ ಮನೆಗೆ ಮೊದಲೇ ಬಂದ ಸೊಸೆಯನ್ನು ಒಬ್ಬಳನ್ನೇ ಮಾತಾಡಿಸುವುದು. ಹೊರಡುವಾಗ ಅತ್ತೆಯಾಗುವವಳಿಗೆ ಒಂದು ಪ್ರಶ್ನೆ: ನಮ್ಮ ಹುಡುಗಿ ಒಂದು ದಿನ ಒಲ್ಲೆ ಅಂದರೆ ಏನು ಮಾಡುತ್ತೀರಿ? ಉತ್ತರ ಅವಳ ಮನಸ್ಸಿಗೆ ಒಪ್ಪದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು, ಮನೆತನ ಎಷ್ಟೇ ದೊಡ್ಡದಿರಲಿ.

ನಾನು ಪೈಲಟ್ ಆಗುತ್ತೇನೆ ಎಂದಾಗ ಮನೆಗೆ ಬಂದವರೆಲ್ಲ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದರೆ, ದೊಡ್ಡವ್ವ ಕೇಳಿದ್ದು ಯಾವ ಸಾಲಿ ಎಂದು. ಅಪ್ಪ ಮೊಬೈಲಿನಲ್ಲಿ ತೋರಿಸಿದ. ಗಾಜಿನ ಕಟ್ಟಡ, ಬಿಳಿ ಅಂಗಿಯ ಹುಡುಗ ಹುಡುಗಿಯರು, ಸಾಲಾಗಿ ನಿಂತ ಪುಟ್ಟ ವಿಮಾನಗಳು. ಆ ಅಂಗಿಯ ಹೆಗಲಪಟ್ಟಿ ನೋಡಿಯೇ ನಾನು ಮನಸ್ಸು ಕೊಟ್ಟಾಗಿತ್ತು. ಅಪ್ಪ ಹತ್ತಿ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಇದಕ್ಕೇ ತೆಗೆದಿಟ್ಟಿದ್ದ. ಶಾಲೆಯ ಆಯ್ಕೆ ತಪ್ಪಿದರೆ ನನ್ನ ಹಾರಾಟವೂ ಅಲ್ಲಿಗೇ ನಿಂತಂತೆ, ಇನ್ನೊಂದು ಸಲ ಸೇರಿಸುವ ಶಕ್ತಿ ನಮಗಿರಲಿಲ್ಲ.

"ಅಕ್ಕಾರ, ಸಾಲಿ ಅಂದ್ರ ಬೀಗರ ಮನಿ ಅಲ್ಲರಿ," ಎಂದ ಅಪ್ಪ.

"ಹುಡುಗಿ ನಮ್ಮಕಿ ಹೌದಲ್ಲರಿ? ನಾ ನೋಡದ ಕಳಸಾಕಿ ಅಲ್ಲ," ಎಂದಳು ದೊಡ್ಡವ್ವ.

ಶೇಂಗಾ ಹೋಳಿಗೆಯ ಡಬ್ಬಿ ಕಟ್ಟಿಕೊಂಡು ಮೂವರೂ ರೈಲು ಹತ್ತಿದೆವು. ಗಾಜಿನ ಕಟ್ಟಡದಲ್ಲಿ ಭಾರಿ ಸ್ವಾಗತ. ತಣ್ಣನೆಯ ಕೋಣೆ, ಎತ್ತರದ ಗ್ಲಾಸಿನಲ್ಲಿ ಜ್ಯೂಸು, ಹಿಂದಿಯಲ್ಲಿ ಬಿಡುವಿಲ್ಲದೆ ಮಾತಾಡುವ ಮ್ಯಾನೇಜರು. ದೊಡ್ಡವ್ವ ಜ್ಯೂಸು ಮುಟ್ಟದೆ, ಹಿತ್ತಲು ತೋರಿಸಲು ಹೇಳು ಎಂದಳು. ನಾನು ಅದನ್ನು ವಿಮಾನ ನಿಲ್ಲಿಸುವ ಹ್ಯಾಂಗರ್ ಎಂದು ಹಿಂದಿಗೆ ಮಾಡಿ ಹೇಳಿದೆ. ಫೋಟೋದಲ್ಲಿದ್ದಂತೆಯೇ ವಿಮಾನಗಳು ಸಾಲಾಗಿ ನಿಂತಿದ್ದವು. ಒಂದರ ರೆಕ್ಕೆಯ ಮೇಲೆ ಯಾರದೋ ಟವೆಲು, ಬನಿಯನ್ ಒಣಗುತ್ತಿದ್ದವು.

"ದಿನಾ ಹಾರೂ ಇಮಾನದ ಮ್ಯಾಲ ಯಾರರ ಅರಬಿ ಒಣಾ ಹಾಕ್ತಾರನ?" ಎಂದಳು ನನ್ನ ಕಿವಿಯಲ್ಲಿ.

ಆಮೇಲೆ ಹಾಸ್ಟೆಲಿನಲ್ಲಿ ಧಾರವಾಡದ ಹುಡುಗಿಯೊಬ್ಬಳನ್ನು ಹಿಡಿದು ಕೂರಿಸಿಕೊಂಡಳು. ಎರಡನೇ ಹೋಳಿಗೆಗೆ ಆ ಹುಡುಗಿ ಬಾಯಿಬಿಟ್ಟಳು. ಕಲಿಸುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರು. ದೀಪಾವಳಿಯಿಂದ ಅವಳ ಹಾರುವ ಪಾಳಿಯೇ ಬಂದಿರಲಿಲ್ಲ. ಕೊನೆಯ ಪ್ರಶ್ನೆಗೆ ಮ್ಯಾನೇಜರು, ನಮ್ಮಲ್ಲಿ ಶಿಸ್ತು ಬಹಳ, ಒಲ್ಲೆ ಅನ್ನಲು ಯಾರಿಗೂ ಧೈರ್ಯವಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ದೊಡ್ಡವ್ವ ಎದ್ದೇಬಿಟ್ಟಳು. ನಾನು ದಾರಿಯುದ್ದಕ್ಕೂ ಆ ಬಿಳಿ ಅಂಗಿಗಾಗಿ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಹೋಳಿಗೆ ಕೊಟ್ಟಳು.

ಎರಡನೆಯ ಶಾಲೆಗೆ ತಗಡಿನ ಚಾವಣಿ. ಬನ್ನಿ ಎನ್ನಲೂ ಯಾರಿಗೂ ಪುರಸೊತ್ತಿಲ್ಲ. ಒಂದು ವಿಮಾನ ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತಿತ್ತು. ದೊಡ್ಡವ್ವ ಬಿಸಿಲಲ್ಲೇ ನಿಂತು, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ್ದ ಬಟ್ಟೆಯ ಚೀಲವನ್ನು ಬಹಳ ಹೊತ್ತು ನೋಡಿದಳು. ಅದರ ತಳ ಹರಿದಿದೆ, ಸೂಜಿ ದಾರ ಇಸಿದುಕೊಂಡು ಬಾ, ಹೊಲಿದು ಕೊಡುತ್ತೇನೆ ಎಂದಳು. ಅದು ಇರುವುದೇ ಹಾಗೆ ಎಂದು ತಿಳಿದಾಗ ಅವಳ ಹೊಟ್ಟೆ ಕುಣಿಯಲು ಶುರುವಾಗಿ, ಪಕ್ಕದಲ್ಲಿ ಎಂಜಿನ್ ಬಿಚ್ಚುತ್ತಿದ್ದ ಮೆಕ್ಯಾನಿಕ್ಕನೂ ಕೆಲಸ ಬಿಟ್ಟು ನಕ್ಕ.

ಮುಖ್ಯ ತರಬೇತುದಾರರು ಒಬ್ಬ ಹೆಂಗಸು, ನಿಂತೇ ಬುತ್ತಿ ಉಣ್ಣುತ್ತಿದ್ದರು. ದೊಡ್ಡವ್ವನ ಪ್ರಶ್ನೆಯನ್ನು ನಾನು ನಾಚಿಕೊಂಡೇ ಹಿಂದಿಯಲ್ಲಿ ಕೇಳಿದೆ. ಅವರು ತುತ್ತು ನುಂಗಿ, "ಅವತ್ತು ಹಾರಿಸುವುದಿಲ್ಲ. ಕಾರಣ ಆಮೇಲೆ ಕೇಳುತ್ತೇವೆ. ಒಲ್ಲೆ ಅನ್ನಲು ಬಾರದವರನ್ನು ನಾನು ಒಬ್ಬರನ್ನೇ ಹಾರಲು ಬಿಡುವುದೇ ಇಲ್ಲ," ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ದೊಡ್ಡವ್ವ ಉಳಿದ ಹೋಳಿಗೆಯೆಲ್ಲ ಅವರ ಡಬ್ಬಿಗೆ ಹಾಕಿದ್ದಳು. "ತಗೋರಿ ಬಾಯಾರ, ಹುಡುಗಿನ್ನ ಕೊಟ್ಟಂಗ ಆತು," ಎಂದಳು. ಅವರಿಗೆ ಹೋಳಿಗೆ ಮಾತ್ರ ತಿಳಿಯಿತು.

ನಾನು ಶಾಲೆ ಸೇರಲು ಹೊರಡುವ ದಿನ ದೊಡ್ಡವ್ವ ಉಡಿ ತುಂಬಬೇಕೆಂದು ಹಟ ಹಿಡಿದಳು. ಜೀನ್ಸಿಗೆ ಉಡಿಯೆಲ್ಲಿಂದ ಬರಬೇಕು? ತನ್ನದೇ ಟವೆಲು ಸೊಂಟಕ್ಕೆ ಸುತ್ತಿ ಅಕ್ಕಿ, ಕಾಯಿ, ಬೆಲ್ಲ ಹಾಕಿದಳು. ಆ ಶಾಲೆಯಲ್ಲಿ ನಾನು ದಿನ ಬಿಡದೆ ಹಾರಿದೆ. ಮರುವರ್ಷ ಧಾರವಾಡದ ಆ ಹುಡುಗಿಯೂ ಅಲ್ಲಿಗೇ ಬಂದಳು.

ನಾನು ಏರ್‌ಲೈನ್ಸ್ ಸೇರಿದ ಮಾರನೇ ವರ್ಷ ದೊಡ್ಡವ್ವ ತೀರಿಕೊಂಡಳು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ನಾನು ಇಳಿದು ಫೋನು ಹಚ್ಚಿದಾಗ ಸುದ್ದಿ ತಿಳಿಯಿತು. ವಿಮಾನ ನಿಲ್ದಾಣದಲ್ಲಿ, ಸಮವಸ್ತ್ರದಲ್ಲೇ, ಜನ ನೋಡುತ್ತಿದ್ದಾರೆಂದು ಗೊತ್ತಿದ್ದೂ ಅತ್ತೆ. ಇವತ್ತು ನಾನು ಹಾರುವುದೆಲ್ಲ ಅವಳು ನೋಡಿ ಕೊಟ್ಟದ್ದು.

ಈಗ ನಮ್ಮ ಕಡೆಯ ಹುಡುಗಿಯರು ಯಾವ ಶಾಲೆ ಒಳ್ಳೆಯದು ಎಂದು ನನಗೆ ಫೋನು ಮಾಡುತ್ತಾರೆ. ಫೋನಿನಲ್ಲಿ ನಾನು ಹೇಳುವುದಿಲ್ಲ, ರಜೆ ಹಾಕಿ ಜೊತೆಗೆ ಹೋಗುತ್ತೇನೆ. ಮೊನ್ನೆ ರಾಮದುರ್ಗದ ಹುಡುಗಿಯೊಬ್ಬಳೊಂದಿಗೆ ಹೇಳದೆ ಕೇಳದೆ ಒಂದು ಶಾಲೆಯ ಬಾಗಿಲಿಗೆ ಹೋದೆ. ಅವಳು ಬಳಗವಲ್ಲ, ಆವತ್ತಿನ ತನಕ ನಾನು ಮುಖ ನೋಡಿದವಳೂ ಅಲ್ಲ. ಒಳಗಿದ್ದವನು, ಈ ಹುಡುಗಿಗೆ ನೀವು ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ.

ನಾನು ಕನ್ನಡದಲ್ಲೇ ಹೇಳಿದೆ, "ದೊಡ್ಡವ್ವ."